ಏಳರಿಂದ ಎಂಟು ನಿಮ್ಮ ಪಾಳಿ

ಫಿಟ್ಟರ್ ಸಾಬ್ ತೀರಿಕೊಂಡ ಸುದ್ದಿ ಅವರ ಹೆಂಡತಿಯ ಫೋನಿನಿಂದಲೇ ಬಂತು. ನಾನು ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಲ್ಲಿ ತಲೆ ಎತ್ತಲು ಪುರಸೊತ್ತಿರುವುದಿಲ್ಲ. "ಹೌದ್ರಿ ವೈನಿ" ಎಂದು ಫೋನ್ ಇಟ್ಟು, ಕೈಯಲ್ಲಿದ್ದ ರಸೀದಿ ಬರೆದು ಮುಗಿಸಿದೆ. ಅದರ ಮುಂದಿನದನ್ನೂ ಬರೆದೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡಿದೆ. ಅಳು ಬರಲಿಲ್ಲ. ಈಗ ಎರಡು ತಿಂಗಳಾಯಿತು, ಇನ್ನೂ ಬಂದಿಲ್ಲ. ಬರೆಯುತ್ತ ಹೋದರೆ ಒಳಗೆ ಏನಾದರೂ ಅಲುಗಾಡೀತು ಎಂದು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರು ಮನೆಯಲ್ಲಿ ಮಾಡುತ್ತಿದ್ದ ಕೆಲಸ ಕಾಯ್ದೆಯ ಯಾವ ಬದಿಗೆ ಬರುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿಯದು. ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಅವರು ಫಿಟ್ಟರ್ ಸಾಬ್. ರಾಯಚೂರು ಜಿಲ್ಲೆಯವರು. ಬಾಲಾನಗರದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದರು. ಬಲಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಇದ್ದವು. ನಡುವಿನ ಮೂರನ್ನು ಪ್ರೆಸ್ ಮಿಷನ್ ತೆಗೆದುಕೊಂಡಿತ್ತು. ಆಮೇಲೆ ಅವರು ಕೆಲಸ ಬಿಟ್ಟರು, ಅಥವಾ ಬಿಡಿಸಿದರು. ಕೇಳಿದರೆ "ಎರಡೂ" ಎನ್ನುತ್ತಿದ್ದರು.

ಉಳಿದ ಎರಡು ಬೆರಳು ಮರಗಟ್ಟಬಾರದು, ಏನಾದರೂ ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಕಾರ್ಖಾನೆಯ ಗೆಳೆಯರೆಲ್ಲ ಸೇರಿ ಅವರಿಗೊಂದು ಗೇಮ್ ಯಂತ್ರ ತಂದುಕೊಟ್ಟರು. ಟಿಫಿನ್ ಡಬ್ಬಿಯ ಮುಚ್ಚಳದಷ್ಟು ದೊಡ್ಡದು, ನಡುವೆ ಪರದೆ, ಎರಡು ಬದಿಗೆ ಗುಂಡಿಗಳು, ಕೈಯಲ್ಲಿ ಹಿಡಿದು ಆಡುವಂಥದ್ದು. ಅದರ ಬಲಗಡೆಯ ಗುಂಡಿಗಳಿಗೆ ಕಿರುಬೆರಳು ಎಟುಕುವಂತೆ ಅವರು ಹಿತ್ತಾಳೆಯ ಒಂದು ಪಟ್ಟಿ ಮಾಡಿ ಕೂಡಿಸಿಕೊಂಡರು. ಪಟ್ಟಿ ಮಾಡಲು ಯಂತ್ರ ಬಿಚ್ಚಿ ನೋಡಿದರು. ಬಿಚ್ಚಿ ನೋಡಿದ ಮೇಲೆ ಫಿಟ್ಟರ್ ಸುಮ್ಮನಿರುವುದುಂಟೆ? ವರ್ಷ ತುಂಬುವುದರೊಳಗೆ ಅಮೀರ್‌ಪೇಟ್‌ನ ಹಾಸ್ಟೆಲ್ಲುಗಳಿಂದ ಜನ ತಮ್ಮ ಯಂತ್ರಗಳನ್ನು ಚೀಲದಲ್ಲಿಟ್ಟುಕೊಂಡು ಮೆಟ್ರೋ ಹತ್ತಿ, ಅಲ್ಲಿಂದ ಆಟೋ ಹಿಡಿದು ಇವರ ಮನೆ ಹುಡುಕಿಕೊಂಡು ಬರತೊಡಗಿದರು.

ಕಂಪನಿಯವರು ಯಂತ್ರದೊಳಗೆ ಒಂದು ವ್ಯವಸ್ಥೆ ತುಂಬಿ ಕಳಿಸಿರುತ್ತಾರೆ. ಅದು ಅವರು ಮಾರಿದ ಆಟಗಳನ್ನು ಮಾತ್ರ ಆಡಿಸುತ್ತದೆ. ಫಿಟ್ಟರ್ ಸಾಬ್ ಅದರ ಪಕ್ಕದಲ್ಲಿ, ಒಂದು ಮೆಮೊರಿ ಕಾರ್ಡಿನ ಮೇಲೆ, ಬೇರೊಂದು ವ್ಯವಸ್ಥೆ ಕೂಡಿಸುತ್ತಿದ್ದರು. ಇದಕ್ಕೆ ಕಸ್ಟಮ್ ಫರ್ಮ್‌ವೇರ್ ಎನ್ನುತ್ತಾರೆ. ಅದರಲ್ಲಿ ಯಾವ ಆಟವಾದರೂ ನಡೆಯುತ್ತದೆ, ಆದರೆ ಆ ಬದಿಯಿಂದ ಒಂದು ಸಲ ಇಂಟರ್‌ನೆಟ್ಟಿಗೆ ಹೋದರೆ ಕಂಪನಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ಬ್ಯಾನ್. ಮುಂದೆ ಆ ಯಂತ್ರದಿಂದ ಜಗತ್ತಿನ ಯಾರ ಜೊತೆಗೂ ಆನ್‌ಲೈನ್ ಆಡುವಂತಿಲ್ಲ. ಮನವಿ, ಅರ್ಜಿ, ಕ್ಷಮೆ ಯಾವುದೂ ನಡೆಯುವುದಿಲ್ಲ.

ಹಳೆಯ ಮಾದರಿಯ ಯಂತ್ರವನ್ನು ಆ ಬದಿಗೆ ತಿರುಗಿಸಲು ಅದರ ಬಲಗಡೆಯ ಸಂದಿಯಲ್ಲಿ ಒಂದು ಸಣ್ಣ ಕ್ಲಿಪ್ ತೂರಿಸಬೇಕು. ಅದಕ್ಕೆ ಜಿಗ್ ಎನ್ನುತ್ತಾರೆ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ. ಅದನ್ನು ಕಂಡರೆ ಫಿಟ್ಟರ್ ಸಾಬ್ ಮುಖ ಸಿಂಡರಿಸುತ್ತಿದ್ದರು. ಜೀವಮಾನವೆಲ್ಲ ಪ್ರೆಸ್ಸಿಗೆ ಜಿಗ್ ಮಾಡಿದವರು, ಇದಕ್ಕೂ ತಾವೇ ಮಾಡಬೇಕು. ಹಿತ್ತಾಳೆ ತಗಡು ಕತ್ತರಿಸಿ, ಎಡಗೈಯಲ್ಲಿ ಅರ ಹಿಡಿದು, ಬಲಗೈಯ ಎರಡು ಬೆರಳಲ್ಲಿ ತುಂಡನ್ನು ಅಮುಕಿಕೊಂಡು ಉಜ್ಜುತ್ತಿದ್ದರು. ಒಂದೊಂದು ಬದಿಗೂ ಎಣಿಸಿ ಉಜ್ಜುವುದು. ಹಾಗೆ ಎಣಿಸುವಾಗಲೇ ಅವರ ಪರಿಚಯವಾಯಿತು. ಗಿರಾಕಿಗಳ ಜೊತೆ "ಕ್ಯಾ ಹೋನಾ ಬೋಲೋ" ಎಂದು ಹೈದರಾಬಾದಿ ಹಿಂದಿ, ಬಾಗಿಲಿಗೆ ಬಂದ ತರಕಾರಿಯವಳ ಜೊತೆ ತೆಲುಗು. ಅರ ಹಿಡಿದಾಗ ಮಾತ್ರ ಹನ್ನೊಂದು, ಹನ್ನೆರಡು, ಹದಿಮೂರು. ಮೆಟ್ಟಿಲು ಹತ್ತಿ ಬಂದ ನಾನು ಬಾಗಿಲಲ್ಲೇ ನಿಂತೆ.

"ಯಾವೂರ್ರಿ ನೀವು?" ಎಂದೆ.

"ಇಪ್ಪತ್ತಾಗ್ಲಿ, ಹೇಳ್ತೀನಿ" ಎಂದರು. ತಲೆ ಎತ್ತಲಿಲ್ಲ. ಇಪ್ಪತ್ತಾದ ಮೇಲೆ ಅರ ಕೆಳಗಿಟ್ಟು, ಒಳಗೆ ತಿರುಗಿ ಹೆಂಡತಿಗೆ ಕೂಗಿದರು: "ಏ, ನಮ್ಮ ಕಡಿಯವರು ಬಂದಾರ. ಚಾ ಇಡು."

ಅಂದಿನಿಂದ ನಾನು ಅವರಿಗೆ ಅಣ್ಣಾರ ಎಂದೆ, ಅವರ ಹೆಂಡತಿಗೆ ವೈನಿ ಎಂದೆ. ಅವರು ನನ್ನನ್ನು ಕೊನೆಯತನಕ ರೈಲ್ವೆ ಸಾಹೇಬ್ರು ಎಂದೇ ಕಾಡಿಸಿದರು. ನಾನು ಅವರಿಗಿಂತ ಹದಿನೈದು ವರ್ಷ ಚಿಕ್ಕವನು, ಸಾಹೇಬನಂತೂ ಮೊದಲೇ ಅಲ್ಲ.

ಅವರ ಬಳಿಗೆ ನಾನು ಹೋದದ್ದು ಪುಕ್ಕಟೆ ಆಟಗಳ ಆಸೆಗೆ. ನನ್ನ ಹೆಂಡತಿ ಕೊಪ್ಪಳದಲ್ಲಿ ಸರ್ಕಾರಿ ಶಾಲೆಯ ಟೀಚರ್. ಮಗಳು ಅವಳ ಜೊತೆ ಅಲ್ಲಿ, ನಾನು ಇಲ್ಲಿ. ತಿಂಗಳಿಗೆ ಎರಡು ಸಲ ಹೋಗಿ ಬರುವುದು. ಆಗ ಒಂಬತ್ತು ವರ್ಷದ ಮಗಳು ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಊಟ ಆತಾ? ಆತು. ಅಭ್ಯಾಸ ಆತಾ? ಆತು. ಅಷ್ಟೇ. ಒಂದು ವರ್ಷ ಬೋನಸ್ ಬಂದಾಗ ಎರಡು ಗೇಮ್ ಯಂತ್ರ ಕೊಂಡು ಒಂದನ್ನು ಅವಳಿಗೆ ಕೊಟ್ಟೆ. ಸಂಜೆ ಏಳಕ್ಕೆ ಅವಳು ಅಲ್ಲಿ, ನಾನು ಇಲ್ಲಿ, ಒಂದೇ ರಸ್ತೆಯ ಮೇಲೆ ಕಾರು ಓಡಿಸುವುದು. ಫೋನ್ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೆವು. ಕಾರು ಓಡಿಸುತ್ತ ಓಡಿಸುತ್ತ ಅವಳು ಶಾಲೆಯದು, ಗೆಳತಿಯರದು, ಅಮ್ಮ ಬೈದದ್ದು ಎಲ್ಲ ಹೇಳುತ್ತಿದ್ದಳು. ನನಗೆ ಮಗಳಿದ್ದಾಳೆ ಎಂದು ಗೊತ್ತಾಗುತ್ತಿದ್ದದ್ದು ಆ ಒಂದು ತಾಸಿನಲ್ಲಿ.

ಫಿಟ್ಟರ್ ಸಾಬ್ ಯಂತ್ರ ತೆಗೆದುಕೊಂಡ ಕೂಡಲೇ ಕೈ ಹಚ್ಚುವವರಲ್ಲ. ಮೊದಲು ಗಿರಾಕಿಯನ್ನು ಕೂಡಿಸಿ ಯಾಕೆ ಬೇಕು ಎಂದು ಕೇಳುವರು. ಆನ್‌ಲೈನ್ ಆಟದಲ್ಲಿ ಮೋಸ ಮಾಡಿ ಗೆಲ್ಲಲು ಎಂದು ವಾಸನೆ ಬಂದರೆ ಮುಗಿಯಿತು, ಚಹಾ ಕುಡಿಸಿ ಕಳಿಸಿಬಿಡುವರು. ಆಮೇಲೆ ಯಂತ್ರದಲ್ಲಿ ಇದ್ದದ್ದನ್ನು ಇದ್ದಹಾಗೆ ತಮ್ಮ ಕಂಪ್ಯೂಟರಿಗೆ ಎತ್ತಿಡುವುದು. ಅದು ಮುಗಿಯಲು ತಾಸುಗಟ್ಟಲೆ ಹಿಡಿಯುತ್ತಿತ್ತು. "ಬೇಗ ಆಗ್ಲಿ ಅಣ್ಣಾರ" ಎಂದರೆ "ಅವಸರ ಯಾರಿಗೈತಿ? ಮಿಷನ್ನಿಗಿಲ್ಲ, ನನಗಿಲ್ಲ" ಎನ್ನುವರು. ಕಾರ್ಡಿನ ಬದಿಯ ಪರದೆಗೆ ಕೆಂಪು ಬಣ್ಣ, ಅಸಲಿ ಬದಿಗೆ ಬಿಳಿ ಬಣ್ಣ ಹಾಕಿಕೊಡುವರು. ಕೊನೆಗೆ ಗಿರಾಕಿಯ ಬಾಯಿಂದಲೇ ಹೇಳಿಸುವರು. ನನ್ನಿಂದಲೂ ಹೇಳಿಸಿದರು.

"ಕೆಂಪದರಾಗ ಇದ್ದಾಗ?"

"ವೈಫೈ ಹಚ್ಚಂಗಿಲ್ಲ."

"ಯಾರು ಹೇಳಿದ್ರೂ?"

"ಯಾರು ಹೇಳಿದ್ರೂ ಹಚ್ಚಂಗಿಲ್ಲ."

"ಮಗಳ ಜೋಡಿ ಆಡೂದು?"

"ಬಿಳೇದರಾಗ."

"ಪಾಸಾದ್ರಿ, ಹೋಗ್ರಿ" ಎಂದು ನಕ್ಕರು. ಅವರ ಕೈಯಿಂದ ಹೋದ ಯಂತ್ರ ಬ್ಯಾನ್ ಆದದ್ದಿಲ್ಲ ಎಂಬುದು ಅವರ ಹೆಮ್ಮೆ. ದಸರೆಯ ಖಂಡೇಪೂಜೆಗೆ ಅರ, ಬೆಸುಗೆ ಕಡ್ಡಿ, ಜಿಗ್‌ಗಳ ಜೊತೆ ಅಂದು ಮನೆಯಲ್ಲಿದ್ದ ಗಿರಾಕಿಗಳ ಯಂತ್ರಗಳೂ ಪೂಜೆಗೆ ಕೂಡುತ್ತಿದ್ದವು. ಒಂದು ದಸರೆಗೆ ನನ್ನದೂ ಅಲ್ಲಿತ್ತು. ವಾರಗಟ್ಟಲೆ ಅದರ ಗುಂಡಿಗಳ ಸಂದಿಯಿಂದ ಕುಂಕುಮ ಉದುರುತ್ತಿತ್ತು.

ತಮ್ಮ ಸ್ವಂತ ಯಂತ್ರಕ್ಕೆ ಮಾತ್ರ ಅವರು ಹಿತ್ತಾಳೆ ಪಟ್ಟಿ ಬಿಟ್ಟರೆ ಏನೂ ಮಾಡಿಕೊಂಡಿರಲಿಲ್ಲ. ಅದು ಕಂಪನಿ ಕಳಿಸಿದ ಹಾಗೆಯೇ ಇತ್ತು. ದಿನಾ ಎಂಟಕ್ಕೆ ಅದನ್ನು ಹಿಡಿದು ಕೂತರೆ ಒಂಬತ್ತೂವರೆವರೆಗೆ ಏಳುತ್ತಿರಲಿಲ್ಲ. ಅವರೂ ಕಾರೇ ಓಡಿಸುತ್ತಿದ್ದರು. ಹನ್ನೆರಡು ಜನರ ಒಂದು ಗುಂಪಿತ್ತು. ಯಾವ್ಯಾವ ದೇಶದವರೋ ಅವರಿಗೂ ಗೊತ್ತಿರಲಿಲ್ಲ, ಅಡ್ಡಹೆಸರುಗಳು ಮಾತ್ರ ಗೊತ್ತು. ಆ ಗುಂಪಿನಲ್ಲಿ ಅವರು ಮೂರನೆಯವರೋ ನಾಲ್ಕನೆಯವರೋ ಆಗಿ ಇರುತ್ತಿದ್ದರು.

"ಅಲ್ಲಿ ನನ್ನ ಕೈ ಯಾರಿಗೂ ಕಾಣಂಗಿಲ್ರಿ ಸಾಹೇಬ್ರ" ಎಂದು ಒಮ್ಮೆ ಅಂದಿದ್ದರು. "ಬಸ್ಸಿನಾಗ ಕಂಡಕ್ಟರ್ ಸೈತ ಚಿಲ್ಲರೆ ಕೊಡೂ ಮುಂದ ಮೊದಲ ಕೈ ನೋಡ್ತಾನ. ಅಲ್ಲಿ ಬರೇ ಕಾರ್ ನೋಡ್ತಾರ."

ಯಂತ್ರ ಮಾಡಿಸಿಕೊಂಡ ನಾಲ್ಕು ತಿಂಗಳಿಗೆ ನಾನು ತಪ್ಪು ಮಾಡಿದೆ. ಅಂದು ಆಫೀಸಿನಿಂದ ಬರುವುದು ತಡವಾಗಿತ್ತು. ಏಳು ದಾಟಿ ಹತ್ತು ನಿಮಿಷ, ಮಗಳ ಫೋನ್ ಮೇಲಿಂದ ಮೇಲೆ ಬರುತ್ತಿದೆ. ಬೂಟು ಬಿಚ್ಚದೆ ಯಂತ್ರ ಹಚ್ಚಿದೆ. ಹಿಂದಿನ ದಿನ ಕೆಂಪು ಬದಿಯಲ್ಲಿ ಆಡಿ ಹಾಗೆಯೇ ಬಿಟ್ಟಿದ್ದೆ. ವೈಫೈ ಬೇಕೇ ಎಂದು ಕೇಳಿತು, ಬೇಕು ಎಂದು ಒತ್ತಿದೆ. ಅರ್ಧ ಆಟವಾದ ಮೇಲೆ ಪರದೆ ಕೆಂಪಗಿರುವುದು ಕಣ್ಣಿಗೆ ಬಿತ್ತು. ಮರುದಿನ ಈ ಯಂತ್ರಕ್ಕೆ ಆನ್‌ಲೈನ್ ಸೇವೆ ಇಲ್ಲ ಎಂಬ ಎರಡು ಸಾಲಿನ ಒಕ್ಕಣೆ ಬಂತು.

ಬೈಯುತ್ತಾರೆ ಎಂದುಕೊಂಡು ಹೋದೆ. ಬೈಯಲಿಲ್ಲ. ನನಗೆ ಆಗಲೇ ಮತ್ತೊಂದು ಕೊಳ್ಳುವ ಶಕ್ತಿ ಇರಲಿಲ್ಲ ಎಂದಲ್ಲ. ಯಾಕೆ ಬ್ಯಾನ್ ಆಯಿತು ಎಂದು ಹೆಂಡತಿಗೆ ಹೇಳಬೇಕಲ್ಲ, ಅದಕ್ಕೆ ಹಿಂಜರಿದೆ. ಅವರ ಮನೆಯಲ್ಲಿ ಕೂತಿದ್ದಾಗಲೇ ಮಗಳ ಫೋನ್ ಬಂತು. "ಪಪ್ಪಾ, ನಿಂದು ರಿಪೇರಿ ಆತೇನು?" ಇಲ್ಲ ಎಂದೆ. ಅವಳು "ಊಟ ಆತಾ?" ಎಂದು ಕೇಳಿದಳು. ನಾನು ಅವಳಿಗೆ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು.

ಫಿಟ್ಟರ್ ಸಾಬ್ ಅರ ಕೆಳಗಿಟ್ಟರು. "ಒಂದು ದಾರಿ ಐತಿ. ಛಲೋ ದಾರಿ ಅಲ್ಲ" ಎಂದರು.

ಪ್ರತಿ ಯಂತ್ರದ ಒಳಗೆ ಒಂದು ಮೂಲೆಯಲ್ಲಿ ಅದರ ಗುರುತು ಬರೆದಿರುತ್ತದೆ. ಕಂಪನಿ ನೋಡುವುದು ಅದನ್ನು, ಬ್ಯಾನ್ ಮಾಡುವುದೂ ಅದನ್ನೇ. ನನ್ನ ಗುರುತು ಕೆಟ್ಟಿತ್ತು. ಅವರು ತಮ್ಮ ಯಂತ್ರದ ಗುರುತನ್ನು ನಕಲು ಮಾಡಿ ನನ್ನದರಲ್ಲಿ ಕೂಡಿಸುವುದಾಗಿ ಹೇಳಿದರು. ಗುರುತು ಒಂದು, ಯಂತ್ರ ಎರಡು. ಎರಡೂ ಒಂದೇ ಹೊತ್ತಿಗೆ ಇಂಟರ್‌ನೆಟ್ಟಿನಲ್ಲಿ ಕಂಡರೆ ಎರಡೂ ಹೋದವು ಎಂದೇ ತಿಳಿಯಬೇಕು. ಅದಕ್ಕಾಗಿ ಅವರು ಎಂದೂ ಆ ಬದಿಗೆ ತಿರುಗಿಸದ ತಮ್ಮ ಯಂತ್ರಕ್ಕೆ ಜಿಗ್ ತೂರಿಸಬೇಕಾಯಿತು. ಬೇಡ ಅಣ್ಣಾರ ಎಂದು ನಾನು ಒಂದು ಸಲ ಅಂದೆ. ಒಂದೇ ಸಲ.

"ಏಳರಿಂದ ಎಂಟು ನಿಮ್ಮ ಪಾಳಿ" ಎಂದರು. "ಎಂಟರ ಮ್ಯಾಲ ನನ್ನದು. ನೀವು ಪೂರಾ ಬಂದ್ ಮಾಡಿ, ಟೇಬಲ್ ಮ್ಯಾಲ ಇಟ್ಟು, ಆಮ್ಯಾಲ ನನಗೊಂದು ಮಿಸ್ಡ್ ಕಾಲ್ ಕೊಡ್ರಿ. ಅದು ಬರೂತನಕ ನಾ ಹಚ್ಚಂಗಿಲ್ಲ. ಇಟ್ಟ ಮ್ಯಾಲ ಫೋನು. ಫೋನ್ ಮಾಡಿ ಇಡೂದಲ್ಲ."

ತಮ್ಮ ಬೆರಳು ಹೋದ ಕತೆಯನ್ನು ಅವರು ಹೇಳಿದ್ದು ಅಂದೇ, ನನ್ನ ಯಂತ್ರ ಕಂಪ್ಯೂಟರಿಗೆ ಅಂಟಿಕೊಂಡಿದ್ದಾಗ. ಆ ಪ್ರೆಸ್ ಇಳಿಯಬೇಕಾದರೆ ಎರಡೂ ಕೈಯಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಕೈಗಳು ಗುಂಡಿಯ ಮೇಲಿದ್ದರೆ ಒಳಗೆ ಇರುವ ಮಾತೇ ಇಲ್ಲ. ಹಿಂದಿನ ಪಾಳಿಯವನು ಮಾಲು ಬೇಗ ಇಳಿಯಲಿ ಎಂದು ಒಂದು ಗುಂಡಿಗೆ ಸುತಳಿ ಬಿಗಿದು ಒತ್ತಿಟ್ಟಿದ್ದ. ಪಾಳಿ ಮುಗಿದ ಭೋಂಗಾ ಊದಿತು, ಅವನು ಹೋದ. ಬಿಚ್ಚಲಿಲ್ಲ, ಹೇಳಲೂ ಇಲ್ಲ. ಇವರು ಬಂದು ಅಚ್ಚು ಸರಿಪಡಿಸಲು ಬಲಗೈ ಒಳಗಿಟ್ಟು, ಎಡಗೈಯನ್ನು ಆಧಾರಕ್ಕೆಂದು ಇನ್ನೊಂದು ಗುಂಡಿಯ ಮೇಲೆ ಊರಿದರು.

"ಯಾರ್ರಿ ಅವ?" ಎಂದೆ.

"ಇದ್ದ ಒಬ್ಬಾಂವ. ವಿಚಾರಣಿಯೊಳಗೂ ಕೇಳಿದ್ರು, ಗೊತ್ತಿಲ್ಲ ಅಂದೆ. ಅವನಿಗೆ ಇಬ್ಬರು ಹೆಣ್ಮಕ್ಕಳು. ನೌಕರಿ ಹೋದ್ರ ನನ್ನ ಬೆರಳು ಬರ್ತಾವೇನು?" ಎಂದು ಕಂಪ್ಯೂಟರಿನ ಕಡೆ ತಿರುಗಿದರು.

ಒಂದೂವರೆ ವರ್ಷ ನಮ್ಮ ಪಾಳಿ ಸರಿಯಾಗಿ ನಡೆಯಿತು. ಎಂಟಕ್ಕೆ ಎರಡು ನಿಮಿಷವಿರುವಾಗ ನಾನು ಬಂದ್ ಮಾಡಿ, ಮೇಜಿನ ಮೇಲಿಟ್ಟು, ಮಿಸ್ಡ್ ಕಾಲ್ ಕೊಡುತ್ತಿದ್ದೆ. ಗೊತ್ತಾಯಿತು ಎಂಬುದಕ್ಕೆ ಅವರದೊಂದು ತಿರುಗಿ ಬರುತ್ತಿತ್ತು. ಮಗಳಿಗೂ ಅಭ್ಯಾಸವಾಗಿತ್ತು. "ಪಪ್ಪಾ, ಫಿಟ್ಟರ್ ಕಾಕಾನ ಟೈಮ್ ಆತು" ಎಂದು ಅವಳೇ ನೆನಪಿಸುತ್ತಿದ್ದಳು.

ಅಂದು ಮಾತ್ರ ನೆನಪಿಸಲಿಲ್ಲ. ಅಂದು ಅವಳು ನನ್ನನ್ನು ಮೊದಲ ಸಲ ತನ್ನ ಬಲದ ಮೇಲೆ ಸೋಲಿಸಿದ್ದಳು. ಅದಕ್ಕಿಂತ ಮುಂಚೆ ಗೆದ್ದದ್ದೆಲ್ಲ ನಾನು ಬಿಟ್ಟುಕೊಟ್ಟದ್ದು. ಎಂಟಾಗುತ್ತಿತ್ತು. ನಾನು ರೂಢಿಯಂತೆ ಫೋನ್ ತೆಗೆದುಕೊಂಡು, ಅವಳ ಕರೆಯನ್ನು ಹೋಲ್ಡಿಗೆ ಹಾಕಿ ಮಿಸ್ಡ್ ಕಾಲ್ ಕೊಟ್ಟೆ. ಯಂತ್ರ ಇನ್ನೂ ತೊಡೆಯ ಮೇಲಿತ್ತು. "ಪಪ್ಪಾ, ಇನ್ನೊಂದಽ ಒಂದು. ಈಗ ಖರೇ ಖರೇ ಆಡು" ಎಂದಳು. ಮೂರು ನಿಮಿಷದ ಆಟ. ಅಣ್ಣಾರು ಪಟ್ಟಿಗೆ ಕೈ ಸೇರಿಸಿಕೊಂಡು ಕೂಡುವುದರೊಳಗೆ ಮುಗಿಯುತ್ತದೆ ಎಂದುಕೊಂಡೆ. ಆಡಿದೆ. ಅದನ್ನೂ ಸೋತೆ. ಮಗಳು ಅಲ್ಲಿ ಮಂಚದ ಮೇಲೆ ಕುಣಿದದ್ದು ಫೋನಿನಲ್ಲಿ ಕೇಳಿಸಿತು. ನನಗೆ ಅಂದು ಬಹಳ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಬೆಳಿಗ್ಗೆ ಫಿಟ್ಟರ್ ಸಾಬ್ ನನ್ನ ಮನೆಗೆ ಬಂದರು. ಅವರು ಅಲ್ಲಿಯವರೆಗೆ ಒಮ್ಮೆಯೂ ನನ್ನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಬಿಚ್ಚಿ ತೋರಿಸಿದರು. ಅದೇ ಎರಡು ಸಾಲು. ನನ್ನದನ್ನು ಹಚ್ಚಿ ನೋಡಿದೆವು. ಅದರಲ್ಲೂ ಅದೇ.

"ನಿನ್ನೆ ನಮ್ಮ ಗುಂಪಿನ್ಯಾಗ ತಿಂಗಳ ಕಡೀ ಆಟ ಇತ್ತು" ಎಂದರು. "ಅದಕ್ಕ ನಾ ಮೊದಲ ತಯಾರಾಗಿ ಕುಂತಿದ್ದೆ. ಫೋನ್ ಬಂದ ಕೂಡ್ಲೇ ಹಚ್ಚಿಬಿಟ್ಟೆ." ಆಮೇಲೆ ಕೇಳಿದರು: "ಇಟ್ಟ ಮ್ಯಾಲಽ ಫೋನ್ ಮಾಡಿದ್ರಿಲ್ಲ?"

"ಹೌದ್ರಿ ಅಣ್ಣಾರ" ಎಂದೆ. "ಇಟ್ಟ ಮ್ಯಾಲೇ ಮಾಡಿದೆ."

ಅವರು ನನ್ನ ಮುಖ ನೋಡಲಿಲ್ಲ, ನನ್ನ ಯಂತ್ರವನ್ನೇ ನೋಡುತ್ತಿದ್ದರು. "ಹಂಗಾರ ಕಂಪನಿಯವರು ಬ್ಯಾರೆ ಏನೋ ಹಿಡದಾರ" ಎಂದು ಟವೆಲ್ ಸುತ್ತಿಕೊಂಡರು. ಬಾಗಿಲಲ್ಲಿ ನಿಂತು, "ಮಗಳ ಆಟ ನಿಂದರಸಬ್ಯಾಡ್ರಿ. ಹೊಸಾದು ತಗೋರಿ. ಅದಕ್ಕ ನನ್ನ ಕಡಿಂದ ಏನೂ ಮಾಡಸಬ್ಯಾಡ್ರಿ" ಎಂದರು.

ಆ ತಿಂಗಳೇ ಹೊಸದು ಕೊಂಡೆ. ಹೆಂಡತಿಗೆ ಹಳೆಯದು ಕೈಜಾರಿ ಬಿತ್ತು ಎಂದು ಹೇಳಿದೆ, ಅವಳು ನಂಬಿದಳು. ಅಷ್ಟು ಸುಲಭವಿತ್ತು. ಪರದೆಗೆ ಹಾಳೆ ಅಂಟಿಸಿಕೊಟ್ಟದ್ದು ಫಿಟ್ಟರ್ ಸಾಬ್ ಅವರೇ, ಒಂದು ಗುಳ್ಳೆ ಬಾರದಂತೆ. ಅವರಿಗೂ ಒಂದು ಕೊಡಿಸುತ್ತೇನೆ ಎಂದೆ. "ಬ್ಯಾಡ್ರಿ. ಅದು ಕಾರ್ಖಾನಿ ಹುಡುಗ್ರು ಕೂಡಿ ಕೊಟ್ಟದ್ದಿತ್ತು. ಇನ್ನೊಂದು ಅದರಂಗ ಆಗಂಗಿಲ್ಲ" ಎಂದರು. ಹೇಳದೆ ತಂದುಕೊಟ್ಟರೆ ಬೇಡವೆನ್ನಲಾರರು ಎಂದು ನನಗೆ ಗೊತ್ತಿತ್ತು. ಮುಂದಿನ ತಿಂಗಳು ಎಂದುಕೊಂಡೆ. ಹಬ್ಬಕ್ಕೆ ಎಂದುಕೊಂಡೆ. ಹಬ್ಬ ಬಂತು, ಹೋಯಿತು. ನಿಜ ಹೇಳದೆ ಯಂತ್ರ ಮಾತ್ರ ಕೊಟ್ಟರೆ ಅವರಿಗೆ ತಿಳಿದುಬಿಡುತ್ತದೆ ಎಂಬ ಹೆದರಿಕೆಯೂ ಇತ್ತು. ಅವರಿಗೆ ಅಂದೇ ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ. ಖಾತ್ರಿಯಿಲ್ಲ.

ಆಮೇಲೆಯೂ ಗಿರಾಕಿಗಳು ಬರುತ್ತಿದ್ದರು, ಜಿಗ್ ಉಜ್ಜುವುದು ನಡೆದಿತ್ತು, ನಾನು ಹೋದರೆ ಚಹಾ ಬರುತ್ತಿತ್ತು. ಅವರು ನಗುವುದೇನೂ ಕಡಿಮೆಯಾಗಲಿಲ್ಲ. ನಾನು ಹೋಗುವುದು ಕಡಿಮೆಯಾಯಿತು. ಹೀಗೆ ಎರಡು ವರ್ಷ.

ಎದೆನೋವು ಬಂದು ಹೋದರು. ದೇಹವನ್ನು ಊರಿಗೆ ಒಯ್ದರು. ನಾನು ಹೋಗಲಿಲ್ಲ, ರಜೆ ಕೇಳಲೂ ಇಲ್ಲ. ದಿನಕರ್ಮ ಮುಗಿಸಿ ವೈನಿ ಮರಳಿ ಬಂದ ಮೇಲೆ ಒಂದು ಭಾನುವಾರ ಸಂಜೆ ಅವರ ಮನೆಗೆ ಹೋದೆ. ವೈನಿ ಚಹಾ ಕೊಟ್ಟು ಎದುರಿಗೆ ಕೂತರು. ಕಪಾಟಿನಿಂದ ಅದೇ ಟವೆಲ್ಲಿನ ಗಂಟು ತಂದು ನನ್ನ ಮುಂದಿಟ್ಟರು.

"ಇದನ್ನೇನು ಮಾಡ್ಲೆಂತ ನಿಮಗಽ ಕೇಳಬೇಕು" ಎಂದರು. "ಎಂಟಾತಂದ್ರ ತಾಟ ಮುಂದಿನಿಂದ ಎದ್ದು ಹೋಗೋ ಮನಿಷ್ಯಾ. ಒಂದಽ ದಿನಕ್ಕ ಬಿಟ್ಟುಬಿಟ್ರು. ಎರಡು ವರ್ಷ ಇದನ್ನ ಬಿಚ್ಚಲೇ ಇಲ್ಲ. ಎಂಟರ ಹೊತ್ತಿಗೆ ಸುಮ್ನ ಗ್ಯಾಲರ್ಯಾಗ ನಿಂದರ್ತಿದ್ರು. ಯಾಕಂತ ಕೇಳಿದ್ರ ಕೈ ನೋಯ್ತೈತಿ ಅಂತಿದ್ರು. ನಂಗ್ಯಾಕೋ ಅದು ಖರೇ ಅನಿಸಲಿಲ್ಲ. ನಿಮ್ಮ ಮುಂದ ಏನರ ಅಂದಿದ್ರೇನು?"

ಹೇಳಬಹುದಾಗಿತ್ತು. ಇನ್ನು ನನ್ನನ್ನು ಬೈಯಲು ಅವರೂ ಇರಲಿಲ್ಲ.

"ನನ್ನ ಮುಂದೂ ಅದನ್ನಽ ಅಂದಿದ್ರು ವೈನಿ" ಎಂದೆ. "ಕೈ ಭಾಳ ನೋಯ್ತೈತಿ ಅಂತ."

ವೈನಿ ತಲೆಯಾಡಿಸಿದರು. ತಮ್ಮ ಬಲಗೈಯನ್ನು ಎಡಗೈಯಿಂದ ಸವರಿಕೊಳ್ಳುತ್ತ ಕೂತರು.

"ಹಂಗಾರ ಖರೇನ ನೋಯ್ತಿತ್ತು" ಎಂದರು. "ನಾ ಸುಳ್ಳಂತ ತಿಳದೆ ನೋಡ್ರಿ. ಎರಡು ವರ್ಷ ಒಂದಿನಾನೂ ಎಣ್ಣಿ ಕಾಸಿ ಆ ಕೈ ತಿಕ್ಕಲಿಲ್ಲ."

ಅವರು ಅಳತೊಡಗಿದರು. ನಾನು ಚಹಾ ಕುಡಿದು ಮುಗಿಸಿದೆ. ಏಳಾಗಲು ಹತ್ತು ನಿಮಿಷವಿತ್ತು. ಮಗಳು ಕಾಯುತ್ತಾಳೆ ಎಂದು ಹೇಳಿ ಎದ್ದು ಬಂದೆ.